ಕರಣಿಕನ ಬಿಡುವು: ಹರಿಹರಕವಿಯ ಐತಿಹ್ಯವೂ ಕಾವ್ಯೋತ್ಪತ್ತಿಯ ವಿಚಾರವೂ

ಪಂಪಾಕ್ಷೇತ್ರದ ಹರಿಹರಕವಿಯ ವಿಷಯವಾಗಿ ಒಂದು ಐತಿಹ್ಯವು ಕನ್ನಡ ವಾಚಕರಿಗೆಲ್ಲ ಪರಿಚಿತವಾಗಿದೆ. ಹರಿಹರನು ದೋರಸಮುದ್ರದಲ್ಲಿ ಹೊಯ್ಸಳ ನರಸಿಂಹಬಲ್ಲಾಳನ ಕರಣಿಕನಾಗಿದ್ದನಂತೆ. ಒಂದು ದಿನ ಆಸ್ಥಾನದಲ್ಲಿ ಲೆಕ್ಕವನ್ನು ಬರೆಯುತ್ತ ಕುಳಿತಿದ್ದವನು ಇದ್ದಕ್ಕಿದ್ದಂತೆ ಎರಡು ಕೈಗಳನ್ನೂ ಹೊಸಕಿದನು. ಇದೇನೆಂದು ಕೇಳಲು, ಹಂಪೆಯಲ್ಲಿ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಆರತಿಯ ಕಿಚ್ಚು ತಗುಲಿತು, ಅದನ್ನು ನಂದಿಸಿದೆನು ಎಂದನು. ಅರಸನು ಹಂಪೆಗೆ ಆಳನ್ನು ಕಳುಹಿಸಿ ವಿಚಾರಿಸಿದಾಗ ಸಂಗತಿಯು ನಿಜವೆಂದು ತಿಳಿದುಬಂದಿತು. ಆಮೇಲೆ ಹರಿಹರನು ಕರಣಿಕವೃತ್ತಿಯನ್ನು ಬಿಟ್ಟು ಹಂಪೆಗೆ ಬಂದು ರಗಳೆಗಳನ್ನು ರಚಿಸಿದನು. ಈ ನರಸಿಂಹನು ಆ ಹೆಸರಿನ ಯಾವ ಅರಸನು, ಕವಿಯ ಕಾಲವು ಯಾವುದು ಎಂಬ ಚರ್ಚೆಯನ್ನು ಇಲ್ಲಿ ಎತ್ತುವ ಉದ್ದೇಶವಿಲ್ಲ. ಐತಿಹ್ಯವು ಕಾವ್ಯದ ಹುಟ್ಟನ್ನು ಕುರಿತು ಏನು ಹೇಳುತ್ತದೆ ಎಂಬುದಷ್ಟೇ ಪ್ರಕೃತ ವಿಚಾರ.

ಇದುವರೆಗೆ ಈ ಕಥೆಯನ್ನು ಎರಡು ಬಗೆಯಾಗಿ ಓದುವುದು ರೂಢಿ. ಭಕ್ತರು ಇದನ್ನು ಪವಾಡವೆಂದು ಓದುವರು. ಚರಿತ್ರಕಾರರು ಕಟ್ಟುಕಥೆಯೆಂದು ಬದಿಗಿಡುವರು. ಇಬ್ಬರೂ ನೋಡುವುದು ಒಂದನ್ನೇ: ಹಂಪೆಯಲ್ಲಿ ಅಂದು ತೆರೆಯು ಹತ್ತಿ ಉರಿಯಿತೋ ಇಲ್ಲವೋ. ಆದರೆ ಕಥೆಯ ಜೀವವು ಹಂಪೆಯಲ್ಲಿಲ್ಲ, ದೋರಸಮುದ್ರದಲ್ಲಿದೆ. ಎರಡು ಊರುಗಳಿಗೂ ನಡುವೆ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರವಿದೆ. ಒಬ್ಬ ಲೆಕ್ಕಿಗನು ಕೈಯಲ್ಲಿ ಲೆಕ್ಕವನ್ನು ಹಿಡಿದಿರುವಾಗಲೇ ಅವನ ಮನಸ್ಸು ಆ ದೂರವನ್ನು ದಾಟಿ ಹೋಗಿತ್ತು. ಅಲ್ಲಿ ಕಂಡುದು ಎಷ್ಟು ನಿಚ್ಚಳವಾಗಿತ್ತೆಂದರೆ ಅವನ ಕೈಗಳು ತಾವಾಗಿಯೇ ಚಲಿಸಿದುವು. ಹಗಲುಗನಸೆಂದು ನಾವು ಹಗುರವಾಗಿ ಹೇಳುವ ಮನೋವ್ಯಾಪಾರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮ್ಮ ಕವಿಕಥೆಗಳಲ್ಲಿ ದೊರೆಯುವುದು ಅಪೂರ್ವ. ಅದನ್ನು ರಗಳೆಯ ಕವಿಗೆ ಆರೋಪಿಸಿದವರು ಕಾವ್ಯದ ಮರ್ಮವನ್ನು ಬಲ್ಲವರೇ ಆಗಿರಬೇಕು.

ಕವಿಯ ಮನಸ್ಸು ಯಾವಾಗ ಹೀಗೆ ಬಿಡುಗಡೆ ಹೊಂದುತ್ತದೆ? ಈ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಕೇಳದೆ ಇಲ್ಲ. ಕಾವ್ಯಕ್ಕೆ ಏಕಾಂತವಾದ ಸ್ಥಳವೂ ರಾತ್ರಿಯ ನಾಲ್ಕನೆಯ ಯಾಮವೂ ಉಚಿತವೆಂದು ವಾಮನನು ಹೇಳಿ ಮುಗಿಸುತ್ತಾನೆ. ರಾಜಶೇಖರನು ಹೆಚ್ಚು ವಿವರವಾಗಿ ನುಡಿದಿದ್ದಾನೆ. ಅವನ ‘ಕಾವ್ಯಮೀಮಾಂಸೆ’ ೧೯೧೬ರಲ್ಲಿ ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಅದರ ಹತ್ತನೆಯ ಅಧ್ಯಾಯವು ಕವಿಯ ದಿನಚರ್ಯೆಯನ್ನು ವಿಧಿಸುತ್ತದೆ. ಹಗಲನ್ನು ನಾಲ್ಕು ಭಾಗ ಮಾಡಬೇಕು: ಮೊದಲನೆಯದರಲ್ಲಿ ವಿದ್ಯಾಭ್ಯಾಸ, ಎರಡನೆಯದರಲ್ಲಿ ರಚನೆ, ಭೋಜನಾನಂತರ ಮೂರನೆಯದರಲ್ಲಿ ಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗ್ಗೆ ರಚಿಸಿದುದರ ಪರೀಕ್ಷೆ. ರಾತ್ರಿಯ ನಡುವಣ ಎರಡು ಯಾಮಗಳಲ್ಲಿ ಚೆನ್ನಾಗಿ ನಿದ್ರಿಸಬೇಕು. ಕೊನೆಯ ಯಾಮದಲ್ಲಿ ಎದ್ದರೆ, ತಿಳಿಯಾದ ಮನಸ್ಸು ಅರ್ಥಗಳನ್ನು ತಾನೇ ಕಣ್ಣಮುಂದೆ ತಂದು ನಿಲ್ಲಿಸುವುದು. ರಚನೆಯಿಂದ ಬಳಲಿದ ಮನಸ್ಸಿಗೆ ವಿಶ್ರಾಂತಿಯನ್ನು ಕೊಡಲು ನಿರ್ಜನವಾದ ಎಡೆಯಾದರೂ, ಅಪ್ಪಣೆಯಂತೆ ಮೌನವಾಗಿರುವ ಪರಿಜನವಾದರೂ ಇರಬೇಕು.

ಇದಕ್ಕಿಂತಲೂ ನಮಗೆ ಉಪಯುಕ್ತವಾದುದು ಅವನು ಮಾಡುವ ಕವಿಗಳ ವಿಂಗಡಣೆ. ಗುಹೆಯನ್ನೋ ನೆಲಮನೆಯನ್ನೋ ಹೊಕ್ಕು ನಿಷ್ಠೆಯಿಂದ ಬರೆಯುವವನೊಬ್ಬನು. ಕಾವ್ಯದಲ್ಲಿ ಆಸಕ್ತನಾಗಿದ್ದರೂ ಅಷ್ಟು ನಿಷ್ಠೆಯಿಲ್ಲದವನೊಬ್ಬನು. ಸೇವೆ ಮೊದಲಾದ ತನ್ನ ಕರ್ತವ್ಯಕ್ಕೆ ಅಡ್ಡಿಬಾರದಂತೆ ಸಿಕ್ಕಿದ ಅವಕಾಶದಲ್ಲಿ ರಚಿಸುವವನೊಬ್ಬನು. ಯಾವುದಾದರೊಂದು ಸಂದರ್ಭಕ್ಕಾಗಿ ಬರೆಯುವವನೊಬ್ಬನು. ಇವರಲ್ಲಿ ಮೂರನೆಯವನನ್ನು ‘ದತ್ತಾವಸರ’ನೆಂದು ಕರೆದು ಅವನಿಗೆ ಒದಗುವ ಕಾಲಗಳನ್ನು ಎಣಿಸುತ್ತಾನೆ. ನಿಶಾಂತ್ಯದ ಅರೆಯಾಮ, ಉಂಡು ತೃಪ್ತನಾಗಿರುವ ಹೊತ್ತು, ಪಲ್ಲಕ್ಕಿಯ ಪ್ರಯಾಣ ಇವು ಅಂತಹ ಕಾಲಗಳು. ಪ್ರಯಾಣದಲ್ಲಿ ಬೇರೆ ವಿಷಯಗಳಿಂದ ಹಿಂದಿರುಗಿದ ಮನಸ್ಸು ಎಲ್ಲಿ ಇಟ್ಟರೆ ಅಲ್ಲಿಯೇ ಅಮೃತಬಳ್ಳಿಯಂತೆ ಅಂಟಿಕೊಳ್ಳುವುದಂತೆ. ಕೊನೆಯಲ್ಲಿ, ಯಾವ ಯಾವ ಕ್ಷಣದಲ್ಲಿ ಬಿಡುವುಂಟೆಂದು ತನಗೆ ತೋರುವುದೋ ಆ ಕ್ಷಣವೆಲ್ಲ ಅವನಿಗೆ ಕಾವ್ಯಕಾಲವೇ ಎನ್ನುತ್ತಾನೆ.

ದೋರಸಮುದ್ರದ ಹರಿಹರನು ಈ ದತ್ತಾವಸರನಲ್ಲದೆ ಮತ್ತಾರು? ಆತನಿಗೆ ಗುಹೆಯಿಲ್ಲ, ನೆಲಮನೆಯಿಲ್ಲ, ಅರಸನ ಲೆಕ್ಕವಿದೆ. ಆದರೆ ಪಳಗಿದ ಕರಣಿಕನಿಗೆ ಲೆಕ್ಕವು ಕೈಗೆ ಬಂದ ಕೆಲಸ. ಕೈಯು ಅದನ್ನು ನಡೆಸುತ್ತಿರಲು ಮನಸ್ಸು ತನಗೆ ಪ್ರಿಯವಾದ ಕಡೆಗೆ ಹೋಗಿ ಅಮೃತಬಳ್ಳಿಯಂತೆ ಹಂಪೆಯ ಕಂಬಕ್ಕೆ ಸುತ್ತಿಕೊಂಡಿತು. ಇಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುವುದು ಮೇಲು. ಕಾವ್ಯಸ್ಫುರಣಕ್ಕೆ ಬೇಕಾದ ಬಿಡುವು ಅಂಗಾಂಗಗಳ ವಿಶ್ರಾಂತಿಯಲ್ಲ, ಮನಸ್ಸು ತನ್ನ ಊಳಿಗದಿಂದ ಪಡೆಯುವ ಬಿಡುಗಡೆ. ಆ ಬಿಡುಗಡೆಯು ಫಲಿಸುವುದು ಮೊದಲೇ ತುಂಬಿದ ಮನಸ್ಸಿಗೆ ಮಾತ್ರ. ಫಲಿಸಿದುದು ಉಳಿಯುವುದು ಅದನ್ನು ಹಿಡಿದಿಡುವ ಸಾಧನವು ಹತ್ತಿರದಲ್ಲಿದ್ದಾಗ ಮಾತ್ರ. ಈ ಮೂರರಲ್ಲಿ ಒಂದು ತಪ್ಪಿದರೂ ಹಗಲುಗನಸು ಹಗಲುಗನಸಾಗಿಯೇ ಕರಗುವುದು.

ನಮ್ಮ ಕಾಲದ ಮನಶ್ಶಾಸ್ತ್ರವು ಈ ಅಭಿಪ್ರಾಯಕ್ಕೆ ಬಹುಮಟ್ಟಿಗೆ ಪೋಷಕವಾಗಿದೆ. ೧೯೦೮ರಲ್ಲಿ ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆಯು ತನ್ನ ಅನುಭವವೊಂದನ್ನು ಬರೆದನು. ಬಹುಕಾಲ ಹೆಣಗಿದ ಸಮಸ್ಯೆಯನ್ನು ಮರೆತು ಪ್ರಯಾಣ ಹೊರಟು ಗಾಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ ಅದರ ಕೀಲಿಕೈ ಅವನಿಗೆ ಹೊಳೆಯಿತು. ರಾಜಶೇಖರನ ಪಲ್ಲಕ್ಕಿಯು ಇಲ್ಲಿ ಗಾಡಿಯಾಗಿದೆ, ಅಷ್ಟೇ ಭೇದ. ೧೯೨೬ರಲ್ಲಿ ಗ್ರಹಾಂ ವಾಲಸ್ ಎಂಬ ಆಂಗ್ಲ ವಿದ್ವಾಂಸನು ಇಂತಹ ಅನುಭವಗಳನ್ನು ಪರಿಶೀಲಿಸಿ, ಸಿದ್ಧತೆ, ಪರಿಪಾಕ, ಸ್ಫುರಣ, ಪರೀಕ್ಷೆ ಎಂದು ನಾಲ್ಕು ಘಟ್ಟಗಳನ್ನು ಗುರುತಿಸಿದನು. ಹೊರಗಿನ ಕೆಲಸದಲ್ಲಿ ತೊಡಗದೆ ನಾವು ಸುಮ್ಮನಿರುವಾಗಲೂ ಮಿದುಳಿನ ಕೆಲವು ಭಾಗಗಳು ತಮ್ಮದೇ ಕ್ರಮದಲ್ಲಿ ಕಾರ್ಯನಿರತವಾಗಿರುತ್ತವೆಂದು ಮಾರ್ಕಸ್ ರೇಕಲ್ ಮತ್ತು ಅವರ ಸಹೋದ್ಯೋಗಿಗಳು ೨೦೦೧ರಲ್ಲಿ ತೋರಿಸಿದರು.

ಪ್ಯಾರಿಸ್ಸಿನಲ್ಲಿ ನಡೆದು ೨೦೨೧ರಲ್ಲಿ ಪ್ರಕಟವಾದ ಒಂದು ಪ್ರಯೋಗವು ನಮ್ಮ ಕರಣಿಕನ ಕಥೆಗೆ ಅತ್ಯಂತ ಸಮೀಪವಾಗಿದೆ. ಅದರಲ್ಲಿ ಪಾಲುಗೊಂಡವರಿಗೆ ಕೊಟ್ಟುದು ಅಂಕಿಗಳ ಲೆಕ್ಕವೇ. ಲೆಕ್ಕದೊಳಗೆ ಒಂದು ಗುಪ್ತಸೂತ್ರವನ್ನು ಅಡಗಿಸಿದ್ದರು. ಅದನ್ನು ಕಂಡುಕೊಂಡರೆ ಉತ್ತರವು ಸುಲಭವಾಗಿ ದೊರೆಯುವುದು. ಕೆಲವು ಸಾರಿ ಲೆಕ್ಕ ಮಾಡಿದ ಮೇಲೆ ಅವರಿಗೆ ಸ್ವಲ್ಪ ವಿಶ್ರಾಂತಿಯನ್ನು ಕೊಟ್ಟು, ಕೈಯಲ್ಲಿ ಒಂದು ವಸ್ತುವನ್ನು ಹಿಡಿಸಿ, ಕಣ್ಣು ಮುಚ್ಚಿ ಒರಗಿರುವಂತೆ ಹೇಳಿದರು. ತೂಕಡಿಕೆ ಆಳವಾದರೆ ವಸ್ತುವು ಬಿದ್ದು ಎಚ್ಚರವಾಗಲಿ ಎಂಬುದು ಉಪಾಯ. ನಿದ್ರೆಯ ಹೊಸಲಿನಲ್ಲಿ ಹದಿನೈದು ಸೆಕೆಂಡುಗಳಷ್ಟು ಕಾಲವಾದರೂ ಇದ್ದವರಲ್ಲಿ ನೂರಕ್ಕೆ ೮೩ ಮಂದಿ ಆ ಸೂತ್ರವನ್ನು ಕಂಡುಕೊಂಡರು. ಎಚ್ಚರವಾಗಿಯೇ ಉಳಿದವರಲ್ಲಿ ೩೦ ಮಂದಿ. ಹೊಸಲನ್ನು ದಾಟಿ ಆಳವಾದ ನಿದ್ರೆಗೆ ಇಳಿದವರಲ್ಲಿ ೧೪ ಮಂದಿ ಮಾತ್ರ. ಇಲ್ಲಿ ಗಮನಿಸತಕ್ಕ ವಿಷಯವೆಂದರೆ, ಇವರೆಲ್ಲರೂ ಮೊದಲು ಲೆಕ್ಕವನ್ನು ಮಾಡಿದ್ದರು, ಅನಂತರ ಮತ್ತೆ ಲೆಕ್ಕಕ್ಕೆ ಹಿಂದಿರುಗಿದರು.

ಹಗುರವಾದ ಕೆಲಸದಲ್ಲಿ ತೊಡಗಿರುವವರ ಮನಸ್ಸು ಅಲೆದಾಡಿ ಹೊಸ ಯೋಚನೆಗಳನ್ನು ತರುವುದೆಂದು ೨೦೧೨ರಲ್ಲಿ ಬೆಂಜಮಿನ್ ಬೇರ್ಡ್ ಮೊದಲಾದವರು ಪ್ರಕಟಿಸಿದರು. ಬರಿಯ ವಿಶ್ರಾಂತಿಗಿಂತಲೂ ಕಷ್ಟವಾದ ಕೆಲಸಕ್ಕಿಂತಲೂ ಅದು ಹೆಚ್ಚು ಫಲಕಾರಿಯೆಂದು ಅವರಿಗೆ ತೋರಿತು. ಅನಂತರದ ಪುನಃಪರೀಕ್ಷೆಗಳಲ್ಲಿ ಅದೇ ಫಲವು ಎಲ್ಲೆಡೆಯೂ ದೊರೆಯಲಿಲ್ಲ. ಆದುದರಿಂದ ಈ ಪ್ರಯೋಗಗಳನ್ನು ಸಿದ್ಧಾಂತವೆಂದು ತಲೆಯ ಮೇಲೆ ಹೊರುವುದು ಬೇಡ. ನಮ್ಮ ವಾದಕ್ಕೆ ಅವು ಸಾಕ್ಷಿಗಳೇ ಹೊರತು ಆಧಾರಸ್ತಂಭಗಳಲ್ಲ. ಸೋಮಾರಿಯೂ ಕವಿಯಾಗಬಲ್ಲನೆಂದು ಅವುಗಳಲ್ಲಿ ಯಾವುದೂ ಹೇಳುವುದಿಲ್ಲವೆಂಬುದನ್ನು ಮಾತ್ರ ನೆನಪಿನಲ್ಲಿಡಬೇಕು. ಹರಿಹರನ ಮನಸ್ಸು ಹಂಪೆಗೆ ಹೋದುದು ಅವನು ಸುಮ್ಮನಿದ್ದುದರಿಂದಲ್ಲ. ವಿರೂಪಾಕ್ಷನಲ್ಲಿ ಅದು ಎಂದೋ ನೆಲಸಿದ್ದುದರಿಂದ.

ಇನ್ನು ಹಿಡಿದಿಡುವ ವಿಚಾರ. ಕವಿಯ ಬಳಿಯಲ್ಲಿ ಸದಾ ಇರಬೇಕಾದ ಸಲಕರಣೆಗಳನ್ನು ರಾಜಶೇಖರನು ಹೀಗೆ ಪಟ್ಟಿಮಾಡುತ್ತಾನೆ: ಹಲಗೆ ಬಳಪಗಳುಳ್ಳ ಪೆಟ್ಟಿಗೆ, ಲೇಖನಿ, ಮಸಿಕುಡಿಕೆ, ಭೂರ್ಜಪತ್ರ, ತಾಳೆಯೋಲೆ, ಕಬ್ಬಿಣದ ಕಂಟ, ಕಡೆಗೆ ಚೆನ್ನಾಗಿ ಸಾರಿಸಿದ ಗೋಡೆಗಳು. ಈ ಕೊನೆಯ ಮಾತನ್ನು ಓದಿ ನಗುವವರುಂಟು. ಆದರೆ ಹೊಳೆದ ಮಾತು ಪೆಟ್ಟಿಗೆಯನ್ನು ತೆರೆಯುವವರೆಗೆ ಕಾಯುವುದಿಲ್ಲವೆಂದು ಬಲ್ಲವನು ಮಾತ್ರ ಗೋಡೆಯನ್ನು ಪಟ್ಟಿಯಲ್ಲಿ ಸೇರಿಸಬಲ್ಲನು. ಆಮೇಲೆ ಮುಗಿಸುವೆನು, ಆಮೇಲೆ ತಿದ್ದುವೆನು, ಗೆಳೆಯರೊಡನೆ ಕೂಡಿ ವಿಚಾರಮಾಡುವೆನು ಎಂಬ ಮನೋಭಾವವನ್ನು ಅವನು ಪ್ರಬಂಧನಾಶದ ಕಾರಣಗಳಲ್ಲಿ ಎಣಿಸಿದ್ದಾನೆ. ಮುಗಿದ ಗ್ರಂಥಕ್ಕೆ ಹಲವು ಪ್ರತಿಗಳನ್ನು ಮಾಡಿಸಬೇಕೆಂದೂ ಎಚ್ಚರಿಸಿದ್ದಾನೆ.

ಕನ್ನಡದಲ್ಲಿ ಇದಕ್ಕೆ ಸಮಾನವಾದ ಸಾಕ್ಷ್ಯವು ಗದುಗಿನ ಕುಮಾರವ್ಯಾಸನಿಂದ ದೊರೆಯುತ್ತದೆ. ಆತನು ಮಿಂದು ಒದ್ದೆಯ ಬಟ್ಟೆಯಲ್ಲಿಯೇ ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ ಕುಳಿತುಕೊಳ್ಳುತ್ತಿದ್ದನೆಂದೂ ಬಟ್ಟೆಯು ಆರುವವರೆಗೆ ಕಾವ್ಯವು ಹರಿಯುತ್ತಿದ್ದಿತೆಂದೂ ಐತಿಹ್ಯ. ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಸ್ಫುರಣದ ಅಲ್ಪಾಯುಸ್ಸಿಗೆ ಆರುವ ಬಟ್ಟೆಗಿಂತ ಒಳ್ಳೆಯ ಅಳತೆಗೋಲನ್ನು ಕಲ್ಪಿಸುವುದು ಕಷ್ಟ. ಇದೇ ಕವಿಯು ಪೀಠಿಕೆಯಲ್ಲಿ, ತಾನು ಹಲಗೆ ಬಳಪಗಳನ್ನು ಹಿಡಿಯಲಿಲ್ಲವೆಂದೂ ಇಟ್ಟ ಪದವನ್ನು ಅಳಿಸಲಿಲ್ಲವೆಂದೂ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ವಿಮರ್ಶಕರು ಇದನ್ನು ಪ್ರತಿಭೆಯ ಉದ್ಘೋಷವೆಂದು ಕೊಂಡಾಡುವುದು ಸರಿಯೇ. ಆದರೆ ಇದರಿಂದ ಇನ್ನೊಂದು ಅರ್ಥವೂ ಹೊರಡುತ್ತದೆ. ಎಲ್ಲರೂ ಮಾಡದಿದ್ದುದನ್ನು ತಾನು ಮಾಡಿದರೆ ಮಾತ್ರ ಅದು ಹಿರಿಮೆಯಾಗುವುದು. ಆದುದರಿಂದ ಉಳಿದ ಕವಿಗಳು ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ಅಳಿಸಿ ತಿದ್ದಿ, ಅನಂತರ ಓಲೆಗೆ ಏರಿಸುತ್ತಿದ್ದರೆಂದು ಊಹಿಸಬಹುದು. ಓಲೆಯಲ್ಲಿ ಕಂಟದಿಂದ ಕೊರೆದ ಅಕ್ಷರವನ್ನು ಅಳಿಸುವುದು ಸುಲಭವಲ್ಲ. ಹಲಗೆಯ ಬಳಪವನ್ನಾದರೋ ಅಂಗೈಯಿಂದ ಒರಸಬಹುದು. ಹಿಡಿಯುವುದಕ್ಕೆ ಹಲಗೆ, ಉಳಿಸುವುದಕ್ಕೆ ಓಲೆ: ಈ ಎರಡು ಉಪಕರಣಗಳ ನಡುವೆ ಕವಿಯ ವಿವೇಕವು ಕೆಲಸಮಾಡುತ್ತಿತ್ತು.

ಹಿಡಿಯದೆ ಹೋದರೆ ಆಗುವ ನಷ್ಟಕ್ಕೆ ಇಂಗ್ಲಿಷ್ ಕವಿ ಕೋಲ್‌ರಿಡ್ಜನ ಕಥೆಯನ್ನು ಹೇಳುವುದು ವಾಡಿಕೆ. ೧೮೧೬ರಲ್ಲಿ ‘ಕುಬ್ಲಾ ಖಾನ್’ ಕವನವನ್ನು ಅಚ್ಚುಹಾಕಿಸುತ್ತ, ಇದು ಬಹು ಹಿಂದೆ ತನಗೆ ನಿದ್ರೆಯಲ್ಲಿ ಹೊಳೆದುದು, ಎದ್ದು ಬರೆಯುತ್ತಿರುವಾಗ ಪಾರ್ಲಾಕಿನಿಂದ ಯಾರೋ ಬಂದು ತಡೆದರು, ಉಳಿದುದೆಲ್ಲ ಮರೆತುಹೋಯಿತು ಎಂದು ಆತನು ಬರೆದನು. ಆದರೆ ೧೯೨೭ರಲ್ಲಿ ಲಿವಿಂಗ್‌ಸ್ಟನ್ ಲೋಸ್ ಎಂಬ ಪಂಡಿತನು ಆ ಕವನದ ಚಿತ್ರಗಳು ಕವಿಯು ಓದಿದ್ದ ಪ್ರವಾಸಗ್ರಂಥಗಳಿಂದ ಹೇಗೆ ಒದಗಿದುವೆಂದು ತೋರಿಸಿದನು. ೧೯೩೪ರಲ್ಲಿ ಬೆಳಕಿಗೆ ಬಂದ ಕವಿಯ ಕೈಬರಹದ ಪ್ರತಿಯಲ್ಲಿ ಅಚ್ಚಿನ ಪಾಠಕ್ಕಿಂತ ಭಿನ್ನವಾದ ಮಾತುಗಳಿವೆ. ಅಂದಮೇಲೆ ಕನಸಿಗೆ ಮೊದಲು ಓದು ಇತ್ತು, ಕನಸಿನ ಅನಂತರ ತಿದ್ದುಪಡಿಯೂ ಇತ್ತು.

ಈಗ ಹರಿಹರನ ಕೃತಿಗಳನ್ನೇ ಈ ಒರೆಗಲ್ಲಿಗೆ ಹಚ್ಚಿ ನೋಡೋಣ. ಆತನ ‘ಗಿರಿಜಾಕಲ್ಯಾಣ’ವು ಚಂಪೂಕಾವ್ಯ, ವೃತ್ತ ಕಂದಗಳ ಕಟ್ಟಿಗೆ ಒಳಪಟ್ಟು ಪಾಂಡಿತ್ಯದಿಂದ ನಿರ್ಮಿಸಿದುದು. ರಗಳೆಗಳ ಮಾರ್ಗವು ಬೇರೆ. ಎರಡೆರಡು ಸಾಲಿಗೆ ಪ್ರಾಸವನ್ನು ಕೂಡಿಸಿಕೊಂಡು ಎಷ್ಟು ಬೇಕಾದರೂ ಮುಂದುವರಿಯಬಲ್ಲ ಛಂದಸ್ಸು ಅದು. ದೊಡ್ಡ ರಗಳೆಗಳಲ್ಲಿ ಒಂದು ಸ್ಥಲವು ಪದ್ಯ, ಇನ್ನೊಂದು ಗದ್ಯ. ಮನಸ್ಸಿನಲ್ಲಿ ಮೂಡಿದ ಚಿತ್ರವು ಮಾಸುವುದರೊಳಗೆ ಅದನ್ನು ಹಿಂಬಾಲಿಸಿ ಹೋಗಲು ಇಂತಹ ಸಡಿಲವಾದ ಪಾತ್ರೆಯೇ ಬೇಕು. ವೃತ್ತವು ಕವಿಯನ್ನು ನಾಲ್ಕು ಸಾಲಿಗೊಮ್ಮೆ ನಿಲ್ಲಿಸುತ್ತದೆ, ರಗಳೆಯು ನಿಲ್ಲಿಸುವುದಿಲ್ಲ. ಹರಿಹರನು ರಗಳೆಯನ್ನು ಆರಿಸಿಕೊಂಡುದಕ್ಕೆ ಜನಸಾಮಾನ್ಯರಿಗೆ ತಿಳಿಯಲೆಂಬ ಉದ್ದೇಶವನ್ನು ಮಾತ್ರ ಕಾರಣವಾಗಿ ಹೇಳುವುದು ಸಾಲದು. ತನ್ನ ಪ್ರತಿಭೆಯ ನಡಗೆಯನ್ನು ಬಲ್ಲ ಕವಿಯ ಆಯ್ಕೆಯೂ ಅದಾಗಿದೆ.

‘ಪುಷ್ಪರಗಳೆ’ಯು ಇದಕ್ಕೆ ಉತ್ತಮ ಉದಾಹರಣೆ. ಮುಂಜಾವಿನಲ್ಲಿ ಹೂದೋಟಕ್ಕೆ ಹೋಗುವುದು, ಗಿಡಗಳನ್ನು ಮಾತನಾಡಿಸುತ್ತ ಹೂಗಳನ್ನು ತಿರಿಯುವುದು, ಮಾಲೆ ಕಟ್ಟಿ ವಿರೂಪಾಕ್ಷನನ್ನು ಸಿಂಗರಿಸುವುದು, ಇಷ್ಟೇ ಅದರ ವಸ್ತು. ಕಥೆಯಿಲ್ಲ, ಸಂಘರ್ಷವಿಲ್ಲ. ಆದರೂ ಓದುಗನು ಬೇಸರಗೊಳ್ಳುವುದಿಲ್ಲ. ಏಕೆಂದರೆ ಕೈಯು ಹಗುರವಾದ ಕೆಲಸದಲ್ಲಿ ತೊಡಗಿರುವಾಗ ಮನಸ್ಸು ತನ್ನಷ್ಟಕ್ಕೆ ಆಡಿಕೊಳ್ಳುವ ನುಡಿಯ ನಡೆಯನ್ನೇ ಅದು ಪಡೆದಿದೆ. ದೋರಸಮುದ್ರದಲ್ಲಿ ಕೈ ಒಂದೆಡೆ, ಮನಸ್ಸು ಒಂದೆಡೆ ಇದ್ದುವು. ಹಂಪೆಯ ಹೂದೋಟದಲ್ಲಿ ಎರಡೂ ಒಂದಾದುವು. ಐತಿಹ್ಯವು ಅರಸನ ಆಳಿನ ಮೂಲಕ ಹುಡುಕಿಸಿದ ಪ್ರಮಾಣವು ಈ ರಗಳೆಯಲ್ಲಿಯೇ ದೊರೆಯುತ್ತದೆ.

ಆದರೆ ದೋಷವನ್ನು ಮರೆಮಾಚುವುದು ವಿಮರ್ಶೆಯಲ್ಲ. ಹಿಡಿದುದನ್ನೆಲ್ಲ ಉಳಿಸಿಕೊಳ್ಳುವ ಸ್ವಭಾವವು ರಗಳೆಗಳಲ್ಲಿ ಕಾಣುತ್ತದೆ. ಒಂದೇ ಭಾವವು ಹತ್ತು ಬಗೆಯಲ್ಲಿ ಬರುವುದು, ಪಟ್ಟಿಗಳು ಬೆಳೆಯುವುದು, ಉತ್ಸಾಹವು ಔಚಿತ್ಯದ ದಡವನ್ನು ಮೀರಿ ಹರಿಯುವುದು. ರಾಜಶೇಖರನು ಹಗಲಿನ ನಾಲ್ಕನೆಯ ಭಾಗವನ್ನು ಪರೀಕ್ಷೆಗೆಂದು ಮೀಸಲಿಟ್ಟುದು ಇದಕ್ಕಾಗಿಯೇ. ಹರಿಹರನು ಆ ಭಾಗವನ್ನೂ ಎರಡನೆಯ ಭಾಗಕ್ಕೆ ಸೇರಿಸಿಕೊಂಡನೆಂದು ತೋರುತ್ತದೆ. ಆತನ ಅತ್ಯುತ್ತಮ ರಗಳೆಗಳಲ್ಲಿ ಇದರಿಂದ ಹಾನಿಯಾಗಿಲ್ಲ, ಸಾಮಾನ್ಯವಾದವುಗಳಲ್ಲಿ ಆಗಿದೆ. ಸ್ಫುರಣವನ್ನು ಹಿಡಿಯುವುದು ಒಂದು ಶಕ್ತಿ, ಹಿಡಿದುದನ್ನು ಸೋಸುವುದು ಇನ್ನೊಂದು ಶಕ್ತಿ.

ಇಲ್ಲಿಯವರೆಗೆ ಹೇಳಿದುದೆಲ್ಲ ಬರೆಹ ಬಲ್ಲವರ ವಿಚಾರವಾಯಿತು. ಕರಣಿಕನಿಗೆ ಸಂಬಳವಿತ್ತು, ರಾಜಶೇಖರನ ಕವಿಗೆ ಪರಿಜನವಿತ್ತು, ಪಲ್ಲಕ್ಕಿಯಿತ್ತು. ಇಂತಹ ಬಿಡುವು ಇಲ್ಲದವರ ಮನೆಯಲ್ಲಿ ಕಾವ್ಯವು ಹುಟ್ಟಲಿಲ್ಲವೇ? ಹುಟ್ಟಿತು, ಅದೂ ಆಲಂಕಾರಿಕರು ಹೊಗಳಿದ ಆ ನಾಲ್ಕನೆಯ ಯಾಮದಲ್ಲಿಯೇ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ತ್ರಿಪದಿಗಳನ್ನು ಕಟ್ಟಿದರು. ಅವರ ಮೈಗೆ ವಿಶ್ರಾಂತಿಯಿರಲಿಲ್ಲ, ತೋಳು ದುಡಿಯುತ್ತಿತ್ತು. ಆದರೆ ಗೂಟವನ್ನು ಹಿಡಿದು ಕಲ್ಲನ್ನು ತಿರುಗಿಸುವುದಕ್ಕೆ ಮನಸ್ಸಿನ ಊಳಿಗವು ಬೇಕಾಗಿಲ್ಲ. ಆ ಹೊತ್ತಿನಲ್ಲಿ ಅತ್ತೆಯ ಅಪ್ಪಣೆಯಿಲ್ಲ, ಮಕ್ಕಳ ಅಳುವಿಲ್ಲ. ಮನಸ್ಸು ತವರಿಗೆ ಹೋಗುವುದು, ಅಣ್ಣತಮ್ಮಂದಿರನ್ನು ಕಾಣುವುದು. ಕರಣಿಕನ ಮನಸ್ಸು ಹಂಪೆಗೆ ಹೋದುದಕ್ಕೂ ಸೊಸೆಯ ಮನಸ್ಸು ತವರಿಗೆ ಹೋದುದಕ್ಕೂ ಜಾತಿಭೇದವಿಲ್ಲ. ಬಿಡುವೆಂದರೆ ಮನಸ್ಸಿನ ಬಿಡುಗಡೆಯೆಂದು ನಾವು ಮೇಲೆ ಹೇಳಿದ ಮಾತಿಗೆ ಇದಕ್ಕಿಂತ ಬಲವಾದ ಪ್ರಮಾಣವು ಬೇಕಾಗಿಲ್ಲ.

ಅವರಿಗೆ ಹಲಗೆಯೂ ಇರಲಿಲ್ಲ, ಸಾರಿಸಿದ ಗೋಡೆಯ ಮೇಲೆ ಬರೆಯುವ ಅಕ್ಷರವೂ ಇರಲಿಲ್ಲ. ಹಿಡಿದಿಡುವ ಸಾಧನವು ತ್ರಿಪದಿಯೇ. ಮೂರು ಸಾಲಿನಲ್ಲಿ ಮುಗಿಯುವ ಕಿರಿದಾದ ಕಟ್ಟು, ಹಾಡುವಾಗ ನಡುವಣ ಸಾಲು ಮರಳಿ ಬರುವ ಕ್ರಮ, ಕಲ್ಲಿನ ಸುತ್ತಿಗೆ ಹೊಂದುವ ಲಯ, ಎದುರಿಗೆ ಕುಳಿತು ದನಿಗೂಡಿಸುವ ಒಡನಾಡಿ: ಇವು ಓಲೆ ಕಂಟಗಳ ಕೆಲಸವನ್ನು ಮಾಡಿದುವು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಈ ಕಾವ್ಯವು ಅಚ್ಚಿನ ಹೊಸಲನ್ನು ಮೆಟ್ಟಿತು. ಅದು ಒಂದು ಮಹೋಪಕಾರ.

ಹರಿಹರನ ನಾಡಿನಲ್ಲಿಯೇ ಇದಕ್ಕೆ ಸಮೀಪದ ನಿದರ್ಶನವಿದೆ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಮಾರ್ಗದಲ್ಲಿ ಪಾಪಿನಾಯಕನಹಳ್ಳಿಯಿದೆ. ಅದರ ಪೂರ್ವಕ್ಕೆ, ಸಂಡೂರು ಸೀಮೆಯಲ್ಲಿ ದರೋಜಿ. ಆ ದರೋಜಿಯ ಬುರ್ರಕಥೆಯ ಈರಮ್ಮನವರು ೨೦೧೪ರಲ್ಲಿ ತೀರಿಕೊಂಡರು. ಅಕ್ಷರವನ್ನು ಕಲಿಯದ ಆಕೆ ದೀರ್ಘವಾದ ಹಲವು ಕಥನಕಾವ್ಯಗಳನ್ನು ನೆನಪಿನಲ್ಲಿಯೇ ಹೊತ್ತಿದ್ದರು. ಹಂಪೆಯ ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಪದವಿಯನ್ನು ಕೊಟ್ಟು ಗೌರವಿಸಿತು. ಹರಿಹರನು ಓಲೆಗೆ ಒಪ್ಪಿಸಿದುದನ್ನು ಆಕೆ ಕಂಠಕ್ಕೆ ಒಪ್ಪಿಸಿದ್ದರು. ಓಲೆಯನ್ನು ಗೆದ್ದಲು ತಿನ್ನುವುದು. ಕಂಠವು ದೇಹದೊಡನೆ ಹೋಗುವುದು.

ಆದುದರಿಂದ ನಮ್ಮ ಸಂಗ್ರಾಹಕರಿಗೆ ಒಂದು ಸೂಚನೆಯನ್ನು ಮುಂದಿಡಬೇಕೆನಿಸುತ್ತದೆ. ನಾವು ಹಾಡಿನ ಪಾಠವನ್ನು ಬರೆದುಕೊಳ್ಳುತ್ತೇವೆ, ಹಾಡಿದವರ ಹೆಸರನ್ನೂ ಊರನ್ನೂ ಬರೆದುಕೊಳ್ಳುತ್ತೇವೆ. ಅದು ಯಾವ ಹೊತ್ತಿನಲ್ಲಿ, ಯಾವ ಕೆಲಸದ ನಡುವೆ ಹುಟ್ಟುತ್ತಿತ್ತೆಂಬುದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಬೀಸುವ ಕಲ್ಲು ಮೂಲೆಗೆ ಸೇರಿ ಊರೂರಿಗೂ ಗಿರಣಿ ಬಂದಿದೆ. ಆ ಕಲ್ಲಿನ ಮುಂದೆ ಕುಳಿತಿದ್ದವರು ಈಗ ವೃದ್ಧರು. ಹಾಡುಗಳಲ್ಲಿ ಕೆಲವಾದರೂ ಬೇರೆ ಬಾಯಿಗಳಲ್ಲಿ ಉಳಿದಾವು. ಹುಟ್ಟಿದ ಬಗೆಯನ್ನು ಹೇಳಬಲ್ಲವರು ಅವರೇ ಹೊರತು ಬೇರೆಯವರಿಲ್ಲ. ಹರಿಹರನನ್ನು ನಾವು ಕೇಳುವಂತಿಲ್ಲ; ಐತಿಹ್ಯದಿಂದ ಊಹಿಸಬೇಕಾಯಿತು. ಇವರನ್ನು ಕೇಳಬಹುದು. ಹಂಪೆಯಿಂದ ಪಾಪಿನಾಯಕನಹಳ್ಳಿಯ ಮೇಲೆ ಸಂಡೂರಿನವರೆಗೆ, ಇತ್ತ ಕಂಪಲಿಯವರೆಗೆ, ಹಳ್ಳಿಹಳ್ಳಿಗೂ ಹೋಗುವ ವಿದ್ಯಾರ್ಥಿಗಳು ತಮ್ಮ ಪುಸ್ತಕದಲ್ಲಿ ಪಾಠದ ಪಕ್ಕಕ್ಕೆ ಇನ್ನೆರಡು ಅಂಕಣಗಳನ್ನು ಎಳೆದುಕೊಳ್ಳಲಿ: ಒಂದು ಹೊತ್ತಿಗೆ, ಇನ್ನೊಂದು ಕೆಲಸಕ್ಕೆ. ಕನ್ನಡದಲ್ಲಿ ಕಾವ್ಯೋತ್ಪತ್ತಿಯ ಮೀಮಾಂಸೆಯನ್ನು ಬರೆಯುವವರಿಗೆ ಆ ಎರಡು ಅಂಕಣಗಳು ಪಾಠದಷ್ಟೇ ಬೇಕಾಗುವುವು. ಈ ಕೆಲಸಕ್ಕೂ ಆಮೇಲೆ ಮಾಡುವೆವೆಂಬ ಮಾತು ಸಲ್ಲದು.